ಮೂವತ್ತೆಂಟರ ವಿದ್ಯಾರ್ಥಿನಿ

ಮೂವತ್ತೆಂಟನೆಯ ವಯಸ್ಸಿನಲ್ಲಿ ಹೊಸ ಬ್ಯಾಗು, ಆರು ನೋಟ್‌ಬುಕ್ಕು, ಎರಡು ನೀಲಿ ಪೆನ್ನು, ಒಂದು ಕೆಂಪು ಪೆನ್ನು ಕೊಂಡುಕೊಂಡು ಕಾಲೇಜಿಗೆ ಹೊರಟ ಹೆಂಗಸನ್ನು ನೋಡಿ ಮನೆಯವರು ನಗುವುದು ಸಹಜವೇ. ನಮ್ಮ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ನಕ್ಕವಳು ಎಂಟನೇ ಕ್ಲಾಸಿನಲ್ಲಿದ್ದ ನನ್ನ ಮಗಳು. "ಅಮ್ಮಾ, ಹೋಂವರ್ಕ್ ಮಾಡದಿದ್ರೆ ನಿನ್ನನ್ನೂ ಬೆಂಚಿನ ಮೇಲೆ ನಿಲ್ಲಿಸ್ತಾರಾ?" ಎಂದು ಕೇಳಿದಳು. ಅತ್ತೆ ನಗಲಿಲ್ಲ. "ಹದಿನಾಲ್ಕು ವರ್ಷ ಊರಿಗೆಲ್ಲ ಸೂಜಿ ಚುಚ್ಚಿದವಳು ಈಗ ಚುಚ್ಚೋದು ಹೇಗೆ ಅಂತ ಕಲಿಯೋಕೆ ಬೆಂಗಳೂರಿಗೆ ಹೋಗ್ತಾಳಂತೆ" ಎಂದು ಪಕ್ಕದ ಮನೆಯವರಿಗೆ ಹೇಳಿದ ಮಾತು ನನ್ನ ಕಿವಿಗೂ ಬಿತ್ತು. ಬೀಳಲಿ ಎಂದೇ ಹೇಳಿದ್ದು.

ಅವರ ಮಾತಿನಲ್ಲಿ ತಪ್ಪೇನಿರಲಿಲ್ಲ. 2003ರಲ್ಲಿ ತಾಲ್ಲೂಕು ಆಸ್ಪತ್ರೆಯೊಂದಕ್ಕೆ ಸ್ಟಾಫ್ ನರ್ಸಾಗಿ ಸೇರಿದವಳು ನಾನು. (ಈಗ ನಮ್ಮನ್ನು ಶುಶ್ರೂಷಾಧಿಕಾರಿ ಎನ್ನುತ್ತಾರೆ. ಬೋರ್ಡಿನ ಮೇಲೆ ಅಧಿಕಾರಿ, ಜನರ ಬಾಯಲ್ಲಿ ಮಾತ್ರ ಇನ್ನೂ ನರ್ಸಮ್ಮ.) ಹದಿನಾಲ್ಕು ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ಕಾಲ ಕ್ಯಾಷುಯಾಲ್ಟಿಯಲ್ಲೇ ಇದ್ದೆ. ಬೈಕಿನಿಂದ ಬಿದ್ದವರು, ಮರದಿಂದ ಬಿದ್ದವರು, ಗದ್ದೆಗೆ ಹೊಡೆಯುವ ಔಷಧಿ ಕುಡಿದವರು, ಎದೆ ಹಿಡಿದುಕೊಂಡು ಬಂದವರು, ಎಲ್ಲರನ್ನೂ ನೋಡಿದ್ದೆ. ಕತ್ತಲೆಯಲ್ಲಿ ನರ ಹುಡುಕಿ ಡ್ರಿಪ್ ಹಾಕಬಲ್ಲೆ ಎಂಬ ಜಂಬವೂ ಇತ್ತು. ಇನ್ನು ಓದುವುದೇನು?

ಯಾಕೆ ಹೋದೆ ಎಂದು ಕೇಳಿದರೆ ದೊಡ್ಡ ಮಾತು ಹೇಳಲಾರೆ. ಬಡ್ತಿಗೆ ಅನುಕೂಲವಾದೀತು ಎಂಬ ಆಸೆಯಿತ್ತು. ಒಂದು ವರ್ಷವಾದರೂ ಅಡುಗೆಮನೆ ತಪ್ಪೀತು ಎಂಬ ಆಸೆಯೂ ಇತ್ತು. ಭಾರತೀಯ ನರ್ಸಿಂಗ್ ಕೌನ್ಸಿಲಿನವರು ಕೆಲಸದಲ್ಲಿರುವ ನರ್ಸುಗಳಿಗೆಂದು ಕೆಲವು ಒಂದು ವರ್ಷದ ಡಿಪ್ಲೊಮಾಗಳನ್ನು ಇಟ್ಟಿದ್ದಾರೆ. ಅದರಲ್ಲಿ ತುರ್ತು ಮತ್ತು ವಿಪತ್ತು ಶುಶ್ರೂಷೆ ಎಂಬುದೂ ಒಂದು. ಬಿ.ಎಸ್ಸಿ. ಮಾಡಿದವರಿಗೆ ತೀವ್ರ ನಿಗಾ ಶುಶ್ರೂಷೆಯಲ್ಲಿ ಎರಡು ವರ್ಷದ ಸ್ನಾತಕೋತ್ತರ ಕೋರ್ಸೂ ಇದೆ. ನಾನು ಬರೀ ಜಿ.ಎನ್.ಎಂ., ನನಗೆ ಈ ಒಂದು ವರ್ಷದ್ದೇ ಸರಿ. ಎರಡು ಸಲ ಅರ್ಜಿ ಹಾಕಿದೆ. ಎರಡು ಸಲವೂ ಅದು ಯಾವುದೋ ಮೇಜಿನ ಮೇಲೆ ಮಲಗಿತು. ಮೂರನೆಯ ಸಲ, 2017ರಲ್ಲಿ, ಎದ್ದು ಬಂತು.

ನಮ್ಮ ತಂಡದಲ್ಲಿ ಹದಿನೆಂಟು ಜನ. ಬೀದರಿನಿಂದ ಬಂದವರಿದ್ದರು, ಬಳ್ಳಾರಿಯವರಿದ್ದರು, ಐವತ್ತಕ್ಕೆ ಎರಡು ಕಡಿಮೆ ಎನ್ನುವ ವಯಸ್ಸಿನ ಒಬ್ಬ ಹಿರಿಯ ಸಿಸ್ಟರ್ ಇದ್ದರು. ಅವರನ್ನು ನಾವೆಲ್ಲ ದೊಡ್ಡಕ್ಕ ಎಂದು ಕರೆಯುತ್ತಿದ್ದೆವು. ಪಾಠ ಹೇಳುವ ಮೇಡಂಗೆ ಮೂವತ್ತೊಂದು ವರ್ಷ. ಮೊದಲ ದಿನ ಅವರು ಒಳಗೆ ಬಂದಾಗ ನಾವು ಎದ್ದು ನಿಂತೆವು. ದೊಡ್ಡಕ್ಕ ಮೊಣಕಾಲು ಹಿಡಿದುಕೊಂಡು ಏಳುವ ಹೊತ್ತಿಗೆ ಉಳಿದವರೆಲ್ಲ ಕೂತಾಗಿತ್ತು. ಮೇಡಂ ಅವತ್ತೇ ಹೇಳಿಬಿಟ್ಟರು, ನಾಳೆಯಿಂದ ಯಾರೂ ಏಳಬೇಡಿ ಎಂದು.

ರಬ್ಬರಿನ ಬೊಂಬೆಯ ಎದೆ ಒತ್ತುವ ಪಾಠದಲ್ಲಿ ನನ್ನ ಜಂಬದ ಮೊದಲ ಹಲ್ಲು ಮುರಿಯಿತು. ನಿಮಿಷಕ್ಕೆ ನೂರರಿಂದ ನೂರಿಪ್ಪತ್ತು ಸಲ, ಐದು ಸೆಂಟಿಮೀಟರಿಗೆ ಕಡಿಮೆಯಾಗದಂತೆ ಒತ್ತಬೇಕು, ಪ್ರತಿಸಲವೂ ಎದೆ ಪೂರ್ತಿ ಮೇಲೇಳಲು ಬಿಡಬೇಕು. ಬೊಂಬೆಗೆ ಒಂದು ಸಣ್ಣ ದೀಪವಿತ್ತು, ಸರಿಯಾಗಿ ಒತ್ತಿದರೆ ಹಸಿರು. ಎಷ್ಟೋ ಜನರ ಎದೆ ಒತ್ತಿದ ನನ್ನ ಕೈಗೆ ಮೊದಲ ಎರಡು ನಿಮಿಷ ಆ ಹಸಿರು ಕಾಣಲೇ ಇಲ್ಲ. ದೊಡ್ಡಕ್ಕನಿಗೆ ಕಂಡಿತು! ಮನೆಯಲ್ಲಿ ದಿನಾ ರೊಟ್ಟಿ ತಟ್ಟುವ ಕೈ ಅದು, ಲಯ ತಪ್ಪಲಿಲ್ಲ.

ಕೀಟನಾಶಕ ಕುಡಿದವರಿಗೆ ಅಟ್ರೋಪಿನ್ ಕೊಡುವಾಗ ನಾವು ಕಣ್ಣಿನ ಪಾಪೆ ಹಿಗ್ಗಿತೇ ಎಂದು ಟಾರ್ಚು ಬಿಟ್ಟು ನೋಡುತ್ತಿದ್ದೆವು. ಪಾಪೆಯಲ್ಲ, ಎದೆ ಕೇಳಿ, ಶ್ವಾಸಕೋಶದ ಗೊರಗೊರ ನಿಂತಿತೇ ನೋಡಿ ಎಂದರು. ಉಟ್ಟ ಬಟ್ಟೆ ತೆಗೆದು ಮೈ ತೊಳೆಸದೆ ಇದ್ದರೆ ಚರ್ಮದಿಂದ ವಿಷ ಏರುತ್ತಲೇ ಇರುತ್ತದೆ ಎಂದರು. ಎದೆನೋವೆಂದವರಿಗೆ ಬಂದ ಹತ್ತು ನಿಮಿಷದೊಳಗೆ ಇ.ಸಿ.ಜಿ. ಆಗಬೇಕು, ಹೆಂಗಸರಿಗೆ, ಸಕ್ಕರೆ ಕಾಯಿಲೆಯವರಿಗೆ ಎದೆ ನೋಯದೆ ಬರೀ ಸುಸ್ತು, ಬೆವರು ಬಂದರೂ ಆಗಬೇಕು. ಪ್ರಜ್ಞೆ ಅಳೆಯುವ ಗ್ಲಾಸ್ಗೋ ಮಾಪನವನ್ನು ನಾನು ಅದುವರೆಗೆ ಡಾಕ್ಟರು ಹೇಳಿದಂತೆ ಬರೆದುಕೊಂಡವಳೇ ಹೊರತು ಎಣಿಸಿದವಳಲ್ಲ. 1974ರಲ್ಲಿ ಗ್ಲಾಸ್ಗೋ ಊರಿನ ಇಬ್ಬರು ವೈದ್ಯರು ಮಾಡಿದ ಲೆಕ್ಕವಂತೆ. ಪೂರ್ತಿ ಎಚ್ಚರವಿದ್ದವರಿಗೆ ಹದಿನೈದು ಅಂಕ, ಏನೂ ಇಲ್ಲದವರಿಗೆ ಮೂರು. ರಜೆಯಲ್ಲಿ ಊರಿಗೆ ಬಂದಾಗ ಮಗಳಿಗೆ ಇದನ್ನು ಹೇಳಿದೆ. "ಸತ್ತವರಿಗೂ ಮೂರು ಮಾರ್ಕ್ಸಾ? ನಮ್ಮ ಗಣಿತದ ಮೇಷ್ಟ್ರಿಗಿಂತ ವಾಸಿ" ಎಂದಳು.

ಗಾಯಾಳುಗಳನ್ನು ಬೇರ್ಪಡಿಸುವ ಪಾಠ ಮಾತ್ರ ನಗುವಂಥದ್ದಲ್ಲ. ಟ್ರಯಾಜ್ ಎನ್ನುತ್ತಾರೆ. ಫ್ರೆಂಚ್ ಭಾಷೆಯಲ್ಲಿ ಆರಿಸುವುದು, ವಿಂಗಡಿಸುವುದು ಎಂದರ್ಥ. ನೆಪೋಲಿಯನ್ನನ ಸೈನ್ಯದಲ್ಲಿದ್ದ ಲಾರಿ ಎಂಬ ಶಸ್ತ್ರವೈದ್ಯ ಈ ಪದ್ಧತಿಗೆ ನಾಂದಿ ಹಾಡಿದವನಂತೆ. ಪದವಿ ನೋಡಬೇಡ, ಗಾಯ ನೋಡು ಎನ್ನುವುದು ಅವನ ಕ್ರಮ. ಕೆಂಪು ಪಟ್ಟಿಯವರು ತಕ್ಷಣ, ಹಳದಿಯವರು ಸ್ವಲ್ಪ ತಾಳಬಲ್ಲರು, ಹಸಿರಿನವರು ಕೂತಿರಬಲ್ಲರು, ಕಪ್ಪಿನವರನ್ನು ಬಿಟ್ಟು ಮುಂದೆ ಹೋಗಬೇಕು. ಅತ್ತೆ ಮೊರದಲ್ಲಿ ಅಕ್ಕಿ ಕೇರುವುದು ನೆನಪಾಯಿತು. ಅಣಕು ಅಭ್ಯಾಸದ ದಿನ, ಬಸ್ಸು ಉರುಳಿದೆ ಎಂದು ಇಪ್ಪತ್ತು ಜನ ವಿದ್ಯಾರ್ಥಿಗಳನ್ನು ಮೈದಾನದಲ್ಲಿ ಮಲಗಿಸಿದ್ದರು. ಕಪ್ಪು ಪಟ್ಟಿ ಕಟ್ಟಬೇಕಾದ ಒಬ್ಬ ಹುಡುಗನ ಪಕ್ಕದಲ್ಲಿ ನಾನು ನಾಲ್ಕು ನಿಮಿಷ ಕೂತುಬಿಟ್ಟೆ. ಅಷ್ಟರಲ್ಲಿ ಆಚೆ ಇಬ್ಬರು ಕೆಂಪಿನವರು "ಸತ್ತು"ಹೋಗಿದ್ದರು. ಮೇಡಂ ಬೈಯಲಿಲ್ಲ, ಬರೆದುಕೊಂಡರು. ಆ ಹುಡುಗ ಮಲಗಿದ ರೀತಿ ನೋಡಿ ನಾನು ಯಾಕೆ ಕೂತೆ ಎಂಬುದು ಆಗ ನನಗೇ ತಿಳಿಯಲಿಲ್ಲ.

ತಿಳಿದದ್ದು ಮುಂದಿನ ವಾರ, ಹಾವಿನ ವಿಷದ ಪಾಠದಲ್ಲಿ.

ತುರ್ತು ವಿಭಾಗದ ಡಾಕ್ಟರೊಬ್ಬರು ಆ ಪಾಠಕ್ಕೆ ಬಂದಿದ್ದರು. ಕೊಳಕುಮಂಡಲ ಕಚ್ಚಿದರೆ ರಕ್ತ ಹೆಪ್ಪುಗಟ್ಟುವುದಿಲ್ಲ. ಒಣಗಿದ ಹೊಸ ಗಾಜಿನ ನಳಿಕೆಯಲ್ಲಿ ಎರಡು ಮಿಲಿ ರಕ್ತ ಹಾಕಿ, ಇಪ್ಪತ್ತು ನಿಮಿಷ ಅಲುಗಾಡಿಸದೆ ಇಟ್ಟು ಓರೆ ಮಾಡಿ ನೋಡಬೇಕು, ಪ್ಲಾಸ್ಟಿಕ್ ನಳಿಕೆ ಆಗದು, ಸೋಪಿನಲ್ಲಿ ತೊಳೆದದ್ದೂ ಆಗದು. ಇಷ್ಟು ಹೇಳಿ ಬೋರ್ಡಿನ ಮೇಲೆ ಮೂರು ಸಾಲು ಬರೆದರು. ಬೆಳಗಿನ ಜಾವ. ನೆಲದ ಮೇಲೆ ಮಲಗಿದವರು. ಕಾರಣವಿಲ್ಲದ ಹೊಟ್ಟೆನೋವು. "ಇದೇನು ಹೇಳಿ" ಎಂದರು. ಯಾರೂ ಹೇಳಲಿಲ್ಲ. "ಕಟ್ಟುಹಾವು. ರಾತ್ರಿ ಮನೆಯೊಳಗೆ ಬರುತ್ತದೆ. ನಿದ್ದೆಯಲ್ಲಿದ್ದವರನ್ನು ಕಚ್ಚುತ್ತದೆ. ನೋವಿರುವುದಿಲ್ಲ, ಊತವಿರುವುದಿಲ್ಲ, ಗುರುತೂ ಎಷ್ಟೋ ಸಲ ಕಾಣುವುದಿಲ್ಲ. ರಕ್ತದ ಪರೀಕ್ಷೆ ಸರಿಯಾಗೇ ಇರುತ್ತದೆ. ಮೊದಲು ಹೊಟ್ಟೆ ನೋಯುತ್ತದೆ. ಆಮೇಲೆ ರೆಪ್ಪೆ ಇಳಿಯುತ್ತದೆ, ಮಾತು ತೊದಲುತ್ತದೆ, ಎಂಜಲು ನುಂಗಲಾಗುವುದಿಲ್ಲ, ಕೊನೆಗೆ ಉಸಿರಾಟದ ಸ್ನಾಯುಗಳು ನಿಲ್ಲುತ್ತವೆ. ನೋಡಿದವರು ನಿದ್ದೆ ಎಂದುಕೊಳ್ಳುತ್ತಾರೆ."

ನನ್ನ ಪೆನ್ನು ಅಲ್ಲಿಗೆ ನಿಂತಿತು.

2009ರ ಜೂನ್. ರಾತ್ರಿ ಪಾಳಿಯಲ್ಲಿ ನಾನೊಬ್ಬಳೇ. ಲೇಬರ್ ರೂಮಿನಲ್ಲಿ ಒಂದು ಹೆರಿಗೆ ನಡೆದಿತ್ತು, ಆಯಾ ಅಲ್ಲಿದ್ದಳು. ಐದಕ್ಕೆ ಹತ್ತು ನಿಮಿಷವಿರುವಾಗ ಹೊಳೆಯಾಚೆಯ ಹಳ್ಳಿಯಿಂದ ಒಬ್ಬ ತಾಯಿ ಹತ್ತು ವರ್ಷದ ಮಗನನ್ನು ಕರೆತಂದಳು. ಹೊರಗೆ ಮಳೆ. ಹುಡುಗ ನಡೆದುಕೊಂಡೇ ಬಂದ. ಹೊಟ್ಟೆನೋವು, ಒಂದು ಸಲ ವಾಂತಿ.

"ರಾತ್ರಿ ಏನು ತಿಂದಿದ್ದ?"

"ಹಲಸಿನಹಣ್ಣು ನರ್ಸಮ್ಮ. ಹತ್ತು ಹನ್ನೆರಡು ತೊಳೆ ತಿಂದಿರಬಹುದು."

"ಅಷ್ಟೊಂದು ಯಾಕೆ ಕೊಟ್ರಿ? ಮಳೆಗಾಲದಲ್ಲಿ ಗೊತ್ತಾಗಲ್ವಾ?" ಎಂದು ಗದರಿದೆ. ಹೊಟ್ಟೆ ಒತ್ತಿ ನೋಡಿದೆ, ಮೆತ್ತಗಿತ್ತು. ಜ್ವರವಿಲ್ಲ. ಗ್ಯಾಸಿನ ಇಂಜೆಕ್ಷನ್ ಒಂದು ಕೊಟ್ಟು ಬೆಂಚಿನ ಮೇಲೆ ಮಲಗಿಸಿದೆ. ಡಾಕ್ಟರು ಕ್ವಾರ್ಟರ್ಸಿನಲ್ಲಿದ್ದರು; ಹೊಟ್ಟೆನೋವಿಗೆ ಯಾಕೆ ಎಬ್ಬಿಸುವುದು ಎಂದು ಎಬ್ಬಿಸಲಿಲ್ಲ. ನಡುವೆ ಒಮ್ಮೆ ಅತ್ತ ಹಾದಾಗ ಹುಡುಗ "ಕಣ್ಣು ಎಳೀತದೆ" ಎಂದ. ಮಾತು ಸ್ವಲ್ಪ ತೊದಲಿತು. ರಾತ್ರಿಯೆಲ್ಲ ನಿದ್ದೆಗೆಟ್ಟವನು ಎಂದುಕೊಂಡು ತಲೆ ಸವರಿ "ಮಲಕ್ಕೋ ಮರಿ" ಎಂದೆ.

ಮಲಕ್ಕೋ ಎಂದವಳು ನಾನು.

ಐದೂಮುಕ್ಕಾಲಿಗೆ ತಾಯಿ ಕೂಗಿದಳು. ಬಾಯಲ್ಲಿ ಜೊಲ್ಲು, ಉಸಿರು ಮೇಲೆ ಮೇಲೆ. ಡಾಕ್ಟರು ಓಡಿ ಬಂದರು. ಉಸಿರು ಕೊಡುವ ಅಂಬು ಬ್ಯಾಗು ಬೀರುವಿನಲ್ಲಿತ್ತು, ಬೀರುವಿನ ಬೀಗದಕೈ ಹೆಡ್ ಸಿಸ್ಟರ್ ಮನೆಯಲ್ಲಿತ್ತು. ಬೀಗ ಒಡೆದು ತೆಗೆದರೆ ಮಾಸ್ಕು ದೊಡ್ಡವರದ್ದು, ಮಗುವಿನ ಮುಖಕ್ಕೆ ಕೂರುವುದಿಲ್ಲ. 108ರ ಆಂಬುಲೆನ್ಸ್ ನಮ್ಮ ರಾಜ್ಯದಲ್ಲಿ ಆರಂಭವಾಗಿ ಆಗಿನ್ನೂ ಎಂಟು ತಿಂಗಳು, 2008ರ ನವೆಂಬರ್ ಒಂದರಿಂದ. ಅದು ಬಂತು, ಹುಡುಗನನ್ನು ಎತ್ತಿಕೊಂಡು ಹೋಯಿತು. ಜಿಲ್ಲಾಸ್ಪತ್ರೆ ಮುಟ್ಟುವ ಮುಂಚೆಯೇ ಮುಗಿದಿತ್ತು. ಮನೆಯವರು ಮರಣೋತ್ತರ ಪರೀಕ್ಷೆ ಬೇಡವೆಂದು ಅತ್ತು ಕರೆದು ದೇಹ ಒಯ್ದರು. ಚೀಟಿಯಲ್ಲಿ ನನ್ನ ಅಕ್ಷರದಲ್ಲಿ ಆಹಾರದ ದೋಷ ಎಂದಿತ್ತು. ಅದೇ ಉಳಿಯಿತು.

ನಮಗೆ ಹಾವಿನ ಪಾಠ ಆಗಿರಲಿಲ್ಲವೆಂದಲ್ಲ. ಎರಡು ಹಲ್ಲಿನ ಗುರುತು ನೋಡಿ, ಊತ ನೋಡಿ ಎಂದು ಜಿ.ಎನ್.ಎಂ.ನಲ್ಲೇ ಓದಿದ್ದೆ. ಹಾವು ಕಚ್ಚಿತು ಎಂದು ಹೇಳಿಕೊಂಡು ಬಂದವರಿಗಷ್ಟೇ ಆ ಪಾಠ. ಹೇಳದೆ ಬಂದವನು ನನಗೆ ಸಿಲೆಬಸ್ಸಿನ ಹೊರಗಿದ್ದ.

ಪಾಠ ಮುಗಿದ ಮೇಲೆ ಬಚ್ಚಲಿಗೆ ಹೋಗಿ ಮುಖ ತೊಳೆದು ಬಂದು ಡಾಕ್ಟರ ಹತ್ತಿರ ಎಲ್ಲ ಹೇಳಿದೆ. ಅವರು ಬಹಳ ಹೊತ್ತು ಕೇಳಿದರು. "ಎಂಟು ವರ್ಷದ ಮೇಲೆ, ಕಾಣದ ರೋಗಿಗೆ ಯಾರೂ ಖಚಿತವಾಗಿ ಹೇಳಲಾರರು ಸಿಸ್ಟರ್. ಆದರೆ ಆ ಹುಡುಗ ಇವತ್ತು ನನ್ನ ಮುಂದೆ ಬಂದರೆ ನಾನು ಹಾವೆಂದೇ ಹಿಡಿಯುತ್ತೇನೆ" ಎಂದರು. ಸ್ವಲ್ಪ ತಡೆದು, "ನಿಮಗಾಗ ಯಾರೂ ಕಲಿಸಿರಲಿಲ್ಲ" ಎಂದೂ ಸೇರಿಸಿದರು. ಒಳ್ಳೆಯ ಮನುಷ್ಯ. ಆ ಮಾತು ಮಾತ್ರ ನನ್ನ ಯಾವ ನೋವಿಗೂ ಹತ್ತಲಿಲ್ಲ. ಹಾಸ್ಟೆಲಿನಲ್ಲಿ ದೊಡ್ಡಕ್ಕನಿಗೆ ಹೇಳಿದೆ. ಆಕೆ ಸಮಾಧಾನ ಹೇಳಲಿಲ್ಲ. ತನಗೂ ಅಂಥದ್ದೊಂದು ಇದೆ ಎಂದಳು. ಏನೆಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಅವತ್ತು ರಾತ್ರಿ ಇಬ್ಬರೂ ಹನ್ನೆರಡರವರೆಗೆ ಓದಿದೆವು.

ಆಮೇಲೆ ಓದಿದ ಓದೇ ಬೇರೆ. ಇಂಗ್ಲಿಷ್ ಪುಸ್ತಕದಲ್ಲಿ ಒಂದೊಂದು ಪುಟಕ್ಕೂ ಮೊದಲು ತೂಕಡಿಸುತ್ತಿದ್ದವಳು ಈಗ ಒಂದೊಂದು ಪುಟದಲ್ಲೂ ಹಳೆಯ ಮುಖಗಳನ್ನು ಹುಡುಕತೊಡಗಿದೆ. ಇದು ಓದಿನ ಲಾಭವೋ ಶಿಕ್ಷೆಯೋ ಹೇಳುವುದು ಕಷ್ಟ. ಕಾಲೇಜಿಗೆ ಹೋಗುವ ಹದಿನೆಂಟರ ಹುಡುಗಿಗೆ ಪುಸ್ತಕದ ರೋಗಿಗಳು ಬರಿಯ ಹೆಸರು. ನಮ್ಮಂಥವರಿಗೆ ಅವರ ಊರು, ಉಟ್ಟ ಸೀರೆ, ಕೂತ ಬೆಂಚು ಎಲ್ಲ ಗೊತ್ತು. 2000ದಿಂದ 2019ರವರೆಗಿನ ಇಪ್ಪತ್ತು ವರ್ಷದಲ್ಲಿ ನಮ್ಮ ದೇಶದಲ್ಲಿ ಹಾವು ಕಚ್ಚಿ ಸತ್ತವರು ಹನ್ನೆರಡು ಲಕ್ಷ, ಅಂದರೆ ವರ್ಷಕ್ಕೆ ಸುಮಾರು 58,000 ಎಂಬ ಲೆಕ್ಕ ಮುಂದೆ 2020ರಲ್ಲಿ ಪ್ರಕಟವಾಯಿತು. ಚೀಟಿಯಲ್ಲಿ ಹಲಸಿನಹಣ್ಣು ಎಂದು ಹೋದವರು ಆಸ್ಪತ್ರೆಯ ಯಾವ ಲೆಕ್ಕಕ್ಕೆ ಸಿಕ್ಕಾರು?

ಡಿಪ್ಲೊಮಾ ಮುಗಿಸಿ 2018ರಲ್ಲಿ ಊರಿಗೆ ಮರಳಿದೆ. ತುರ್ತು ಶುಶ್ರೂಷೆ ಕಲಿತು ಬಂದವಳನ್ನು ಎಲ್ಲಿಗೆ ಹಾಕಿದರು ಗೊತ್ತೆ? ಬಾಣಂತಿಯರ ವಾರ್ಡಿಗೆ! ಸರ್ಟಿಫಿಕೇಟನ್ನು ಕಡತದಲ್ಲಿ ಸೇರಿಸಿದ್ದೇವೆ ಎಂದರು. ಸಂಬಳದಲ್ಲಿ ಏನೂ ಸೇರಲಿಲ್ಲ. ಎಂಟು ತಿಂಗಳು ತೊಟ್ಟಿಲುಗಳ ನಡುವೆ ಓಡಾಡಿದ ಮೇಲೆ, ಕ್ಯಾಷುಯಾಲ್ಟಿಯಲ್ಲಿ ಜನ ಸಾಲದಾದಾಗ, ಸರ್ಟಿಫಿಕೇಟಿನ ಕಾರಣಕ್ಕಲ್ಲ, ಅಲ್ಲಿಗೆ ಕಳಿಸಿದರು. ಹೋದ ಮೊದಲ ದಿನ ಅಂಬು ಬ್ಯಾಗನ್ನು ಬೀರುವಿನಿಂದ ತೆಗೆದು ಗೋಡೆಗೆ ಮೊಳೆ ಹೊಡೆದು ನೇತುಹಾಕಿದೆ, ಮಕ್ಕಳ ಮಾಸ್ಕಿನ ಸಮೇತ. ಸ್ಟಾಕು ಕಳುವಾದರೆ ನೀವೇ ಹೊಣೆ ಎಂದು ಸ್ಟೋರಿನವರು ಬರೆಸಿಕೊಂಡರು. ಬರೆದುಕೊಟ್ಟೆ. ಕಿರಿಯ ಹುಡುಗಿಯರಿಗೆ, ಬೆಳಗಿನ ಜಾವ ಹೊಟ್ಟೆನೋವು ಎಂದು ಬಂದವರನ್ನು ಒಂದು ನಿಮಿಷ ಮೇಲಿನ ಫ್ಯಾನು ನೋಡುತ್ತಾ ಇರಲು ಹೇಳಿ, ರೆಪ್ಪೆ ಜಾರುತ್ತದೆಯೇ ನೋಡಿ, ಒಂದೇ ಉಸಿರಿನಲ್ಲಿ ಎಷ್ಟರವರೆಗೆ ಎಣಿಸುತ್ತಾರೆ ಕೇಳಿ ಎಂದು ಹೇಳಿಕೊಟ್ಟೆ. ನನ್ನ ಬೆನ್ನ ಹಿಂದೆ ಅವರು ನನಗೆ ಫ್ಯಾನಮ್ಮ ಎಂದು ಹೆಸರಿಟ್ಟಿದ್ದರೆಂದು ಆಮೇಲೆ ತಿಳಿಯಿತು.

2019ರ ಜುಲೈನಲ್ಲಿ ಬಂದಳು ಅವಳು. ಮೂವತ್ತರ ಆಸುಪಾಸಿನ ಕೂಲಿ ಹೆಂಗಸು, ಬೆಳಿಗ್ಗೆ ಐದೂಕಾಲು, ಹೊಟ್ಟೆನೋವು. ಫ್ಯಾನು ನೋಡು ಎಂದೆ. ಅರ್ಧ ನಿಮಿಷಕ್ಕೆ ರೆಪ್ಪೆ ಇಳಿಯಿತು. ಎಣಿಸು ಎಂದರೆ ಹನ್ನೊಂದಕ್ಕೆ ಉಸಿರು ತೀರಿತು. ಡ್ಯೂಟಿ ಡಾಕ್ಟರು ಚಿಕ್ಕ ವಯಸ್ಸಿನವರು. ಗುರುತಿಲ್ಲ, ಊತವಿಲ್ಲ, ಹೇಗೆ ಹೇಳುತ್ತೀರಿ ಎಂದರು. ನೋಡಿ ಸಾರ್ ಎಂದೆ. ನೋಡಿದರು. ನೋಡಿ ನನ್ನ ಮಾತು ಕೇಳಿದರು, ಅದು ಅವರ ದೊಡ್ಡತನ. ರಿಯಾಕ್ಷನ್ ಆದರೆ ಇರಲೆಂದು ಅಡ್ರಿನಲಿನ್ ಸಿರಿಂಜಿನಲ್ಲಿ ತುಂಬಿಟ್ಟುಕೊಂಡು ಹಾವಿನ ವಿಷದ ಔಷಧಿ ಹತ್ತು ಬಾಟಲಿ ಡ್ರಿಪ್ಪಿನಲ್ಲಿ ಹಾಕಿದೆವು. ಆರೂವರೆಗೆ ಉಸಿರು ಸೋಲತೊಡಗಿತು. ಅರಿವಳಿಕೆ ಡಾಕ್ಟರು ಮನೆಯಿಂದ ಬಂದು ಗಂಟಲಿಗೆ ನಳಿಕೆ ಹಾಕಿದರು. ಎಪ್ಪತ್ತು ಕಿಲೋಮೀಟರ್ ದಾರಿ. ಆಂಬುಲೆನ್ಸಿನಲ್ಲಿ ಮಂಡಿಯೂರಿ ಕೂತು, ಒಂದರಿಂದ ಆರರವರೆಗೆ ಎಣಿಸಿ ಒಂದು ಸಲ ಬ್ಯಾಗು ಒತ್ತುತ್ತಾ, ಮತ್ತೆ ಎಣಿಸುತ್ತಾ ಹೋದೆ. ಆರು ದಿನ ವೆಂಟಿಲೇಟರಿನಲ್ಲಿದ್ದಳು. ಬದುಕಿದಳು.

ಜನ ಹೊಗಳಿದರು. ನನಗೆ ಮಾತ್ರ ಅವತ್ತಿನಿಂದ ನಿದ್ದೆ ಕೆಟ್ಟಿತು. ಅದುವರೆಗೆ ನನ್ನ ಹತ್ತಿರ ಒಂದು ನೆಪವಿತ್ತು: ತಿಳಿದಿದ್ದರೂ ಆ ತಾಲ್ಲೂಕು ಆಸ್ಪತ್ರೆಯಲ್ಲಿ ಏನು ಮಾಡಲಾಗುತ್ತಿತ್ತು ಎಂದು. ಅದೇ ಆಸ್ಪತ್ರೆ, ಅದೇ ದಾರಿ. ಆ ನೆಪ ಹೋಯಿತು.

ಸೆಪ್ಟೆಂಬರಿನಲ್ಲಿ ಒಂದು ಭಾನುವಾರ ಬಾಳೆಹಣ್ಣು ಕಟ್ಟಿಸಿಕೊಂಡು ಹೊಳೆಯಾಚೆಯ ಹಳ್ಳಿಗೆ ಹೋದೆ. ಮನೆ ಕೇಳಿಕೊಂಡು ಹೋಗಬೇಕಾಯಿತು. ಆ ತಾಯಿ ಅಂಗಳದಲ್ಲಿ ಕೊಟ್ಟಿಗೆಯ ಸಗಣಿ ಬಾಚುತ್ತಿದ್ದಳು. ನನ್ನ ಗುರುತು ಹಿಡಿದಳು. ಜಗಲಿಯ ಮೇಲೆ ಕೂರಿಸಿದಳು. ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತುಗಳೆಲ್ಲ ಮರೆತುಹೋದವು. ಹಾವು ಎಂದೆ. ಖಂಡಿತ ಅಂತ ಹೇಳಲಾರೆ, ಆದರೆ ಹಾಗೇ ಕಾಣುತ್ತದೆ ಎಂದೆ. ಹಲಸಿನಹಣ್ಣಲ್ಲ ಎಂದೆ. ನನಗೆ ಗೊತ್ತಾಗಲಿಲ್ಲ, ನಿದ್ದೆ ಅಂದುಕೊಂಡೆ ಎಂದೆ.

ಅವಳು ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಮನೆಯ ಹಿಂದಕ್ಕೆ ಕೈ ತೋರಿಸಿದಳು. "ಅಲ್ಲಿತ್ತು ಮರ. ಆ ವರ್ಷಾನೇ ಕಡಿಸಿದ್ರು ನಮ್ಮನೆಯವ್ರು. ಅತ್ತೆ ಹೋದ ವರ್ಷ ತೀರಿಕೊಂಡ್ರು. ಸಾಯೋವರೆಗೂ ಅಂತಿದ್ರು, ಹಣ್ಣು ತಿನ್ಸಿ ಮಗನ್ನ ಕೊಂದ್ಲು ಅಂತ. ನಾನೂ ಹಂಗೇ ಅಂದ್ಕೊಂಡಿದ್ದೆ."

ಮತ್ತೆ ಸುಮ್ಮನಾದಳು.

"ಅವತ್ತೇ ಗೊತ್ತಾಗಿದ್ರೆ ಉಳೀತಿದ್ನಾ ನರ್ಸಮ್ಮ?"

ಇದೇ ಪ್ರಶ್ನೆ ಬರುತ್ತದೆಂದು ಗೊತ್ತಿತ್ತು. ಇಲ್ಲ ಎನ್ನುವುದು ಸುಲಭವಿತ್ತು. "ಉಳಿಯಬಹುದಿತ್ತು" ಎಂದೆ.

ಅವಳು ಎದ್ದು ಒಳಗೆ ಹೋದಳು. ಹೊರಡುವುದೋ ಕೂರುವುದೋ ತಿಳಿಯದೆ ನಾನು ಬಾಳೆಹಣ್ಣಿನ ಪೊಟ್ಟಣ ಹಿಡಿದುಕೊಂಡೇ ಕೂತೆ. ಒಳಗಿನಿಂದ ಪಾತ್ರೆಯ ಸದ್ದೂ ಇಲ್ಲ, ಅಳುವ ಸದ್ದೂ ಇಲ್ಲ. ಹತ್ತು ನಿಮಿಷವಾದ ಮೇಲೆ ಲೋಟದಲ್ಲಿ ಕಾಫಿ ತಂದು ಜಗಲಿಯ ಮೇಲಿಟ್ಟಳು. ಕೈಗೆ ಕೊಡಲಿಲ್ಲ. ಕುಡಿಯಿರಿ ಎಂದೂ ಹೇಳಲಿಲ್ಲ. ನಾನು ಕುಡಿದೆ. ಶಾಲೆಗೆ ಹೋಗುವ ವಯಸ್ಸಿನ ಒಬ್ಬ ಹುಡುಗಿ ಬಂದು ಬಾಗಿಲಿಗೆ ಒರಗಿ ನಿಂತು ನನ್ನನ್ನೇ ನೋಡುತ್ತಿದ್ದಳು. ಅಣ್ಣ ಹೋದಾಗ ಅವಳಿಗೆ ಮೂರು ವರ್ಷವಂತೆ.

"ಈಗ್ಲೂ ನೆಲದ ಮೇಲೇ ಮಲಗೋದು ನಾವು" ಎಂದಳು ತಾಯಿ. "ಮಂಚದ ಮೇಲೆ ಮಲಗಿದ್ರೆ ಹತ್ತಲ್ವಾ ಅದು?"

ಮಂಚವಿದ್ದರೆ ಒಳ್ಳೆಯದು, ಇಲ್ಲದಿದ್ದರೆ ಸೊಳ್ಳೆಪರದೆ ಕಟ್ಟಿ ಅದರ ಅಂಚನ್ನು ಸುತ್ತಲೂ ಹಾಸಿಗೆಯ ಅಡಿಗೆ ಸಿಕ್ಕಿಸಬೇಕು, ಒಂದು ಬೆರಳಿನಷ್ಟೂ ಸಂದು ಬಿಡಬಾರದು ಎಂದೆ. ಅವಳು ಒಳಗಿನಿಂದ ಒಂದು ಹಳೆಯ ಪರದೆ ತಂದು ಜಗಲಿಯ ಮೇಲೆ ಬಿಚ್ಚಿದಳು. ಎರಡು ಕಡೆ ಹರಿದಿತ್ತು. ಸೂಜಿ ದಾರ ತರಲು ಮಗಳಿಗೆ ಹೇಳಿ ಒಂದು ಹರಿದ ತುದಿಯನ್ನು ತಾನು ಹಿಡಿದುಕೊಂಡಳು. ಇನ್ನೊಂದನ್ನು ನಾನು ಹಿಡಿದುಕೊಂಡೆ.